ಗೇಟಿನ ಒಳಗಿನ ಗಡಿಯಾರ

ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್ಟಿನಲ್ಲಿ ಗೇಟು ಮುಚ್ಚುವ ವೇಳೆಯನ್ನು ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಆ ವೇಳೆ ಮೀರಿ ಬಂದ ವಿದ್ಯಾರ್ಥಿ ಬಸ್ಸು ಕೆಟ್ಟಿತೆಂದು ಹೇಳಿದರೂ, ಕಾವಲುಗಾರನ ಕೈಕಾಲು ಹಿಡಿದರೂ ಗೇಟು ತೆರೆಯುವುದಿಲ್ಲ. ಮಕ್ಕಳಿಗೆ ಸಮಯದ ಬೆಲೆ ತಿಳಿಯಲಿ ಎಂದು ನಾವೂ ಇದಕ್ಕೆ ತಲೆದೂಗುತ್ತ ಬಂದಿದ್ದೇವೆ. ಆದರೆ ಗೇಟಿನ ಒಳಗಿರುವವರು ಬೇರೆಯೇ ಪಂಚಾಂಗ ನೋಡುತ್ತಾರೆಂಬುದು 2024ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆಂದು ನಡೆಯುವ ಸಾಮಾನ್ಯ ಪರೀಕ್ಷೆ ಸಿಯುಇಟಿಗೆ ಹೆಸರು ನೋಂದಾಯಿಸಿದ್ದ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಚೆನ್ನಾಗಿ ಮನವರಿಕೆಯಾಯಿತು.

ಆ ವರ್ಷ ಜೂನ್ 4ರಂದು ಲೋಕಸಭಾ ಚುನಾವಣೆಯ ಸುಮಾರು 64 ಕೋಟಿ ಮತಗಳ ಎಣಿಕೆ ನಡೆಯಿತು; ಯಾರು ಗೆದ್ದರು, ಯಾರು ಸೋತರು ಎಂಬುದು ರಾತ್ರಿಯ ಊಟದ ಹೊತ್ತಿಗೆ ಬಹುಮಟ್ಟಿಗೆ ತಿಳಿದುಹೋಗಿತ್ತು. ಜೂನ್ 14ಕ್ಕೆ ಬರಬೇಕಿದ್ದ, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಫಲಿತಾಂಶವೂ ಅದೇ ದಿನ, ಕರೆಯದೆ ಬಂದ ನೆಂಟನಂತೆ ಬಂದಿಳಿಯಿತು. ನೀಟ್ ನಡೆಸಿದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯೇ ನಡೆಸಿದ್ದ ಸಿಯುಇಟಿಯ ಫಲಿತಾಂಶವಾದರೋ, ಜೂನ್ 30ಕ್ಕೆ ಎಂದದ್ದು, ಬಂದದ್ದು ಜುಲೈ 28ಕ್ಕೆ. ಇದನ್ನು ವಿಳಂಬವೆನ್ನುವುದು ಅನ್ಯಾಯ. ನೀಟ್‌ನಲ್ಲಿ ಹತ್ತು ದಿನ ಮುಂಗಡವಾಗಿ ಜಮೆಯಾಗಿರುವುದರಿಂದ ಸಿಯುಇಟಿಯ 28 ದಿನಗಳ ಬಾಕಿಯಲ್ಲಿ ಅಷ್ಟನ್ನು ವಜಾ ಮಾಡಿದರೆ ನಿವ್ವಳ ತಡ 18 ದಿನ ಮಾತ್ರ. ಇಷ್ಟು ಸರಳ ಲೆಕ್ಕ ತಿಳಿಯದವರು ಪ್ರವೇಶ ಪರೀಕ್ಷೆಯನ್ನಾದರೂ ಏಕೆ ಬರೆಯಬೇಕು?

ಕಾಯುವವರು ಸುಮ್ಮನೆ ಕೂತು ಕೆಡಬಾರದೆಂಬ ಕಾಳಜಿಯೂ ಇತ್ತು. ಫಲಿತಾಂಶದ ದಿನ ದಾಟಿ ಒಂದು ವಾರಕ್ಕೆ, ಜುಲೈ 7ರಂದು, ತಾತ್ಕಾಲಿಕ ಕೀ ಉತ್ತರಗಳು ಹೊರಬಂದವು. ಉತ್ತರ ತಪ್ಪೆನಿಸಿದರೆ ಆಕ್ಷೇಪಿಸಬಹುದಿತ್ತು, ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಿ. ಮೇಷ್ಟ್ರ ತಪ್ಪನ್ನು ತಿದ್ದಲು ವಿದ್ಯಾರ್ಥಿಯೇ ದಕ್ಷಿಣೆ ಕೊಡುವ ಈ ಗುರುಕುಲ ಪದ್ಧತಿ ನಮ್ಮ ಪೂರ್ವಿಕರಿಗೂ ಹೊಳೆದಿರಲಿಲ್ಲ. ಜುಲೈ 19ರಂದು ಸಾವಿರದಷ್ಟು ಅಭ್ಯರ್ಥಿಗಳಿಗೆ ಮರುಪರೀಕ್ಷೆಯೂ ನಡೆಯಿತು. ಉಳಿದ ಲಕ್ಷಾಂತರ ಮಂದಿ ಅಲ್ಲಿಯವರೆಗೆ ಮೊಬೈಲ್ ಪರದೆಯನ್ನು ಬೆರಳಿನಿಂದ ಕೆಳಕ್ಕೆಳೆದು ಬಿಡುವ ವ್ಯಾಯಾಮದಲ್ಲಿ ತೊಡಗಿದ್ದರು. ಪರದೆಯ ಮೇಲೆ ಚಕ್ರವೊಂದು ತಿರುಗುತ್ತದೆ, ಪುಟ ತೆರೆದುಕೊಳ್ಳುತ್ತದೆ, ಅಲ್ಲಿ ನಿನ್ನೆಯ ಪ್ರಕಟಣೆಯೇ ಇರುತ್ತದೆ.

ಈ ನಡುವೆ ಖಾಸಗಿ ಕಾಲೇಜುಗಳ ಗಡಿಯಾರ ಮಾತ್ರ ಒಂದು ಸೆಕೆಂಡೂ ನಿಂತಿರಲಿಲ್ಲ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಡಿಮೆ ಶುಲ್ಕಕ್ಕೆ ಪದವಿ ಓದಬೇಕೆಂದು ಸಿಯುಇಟಿ ಬರೆದ ಹುಡುಗಿಯ ತಂದೆ ಏನು ಮಾಡಬೇಕು? ಕಾದರೆ ಇಲ್ಲಿಯ ಖಾಸಗಿ ಕಾಲೇಜಿನ ಸೀಟು ಹೋದೀತು, ಶುಲ್ಕ ಕಟ್ಟಿದರೆ ಅಲ್ಲಿ ಸೀಟು ಸಿಕ್ಕಾಗ ಇಲ್ಲಿಯ ಹಣ ಹೋದೀತು. ರಸೀತಿಯ ತಳದಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ‘ಕಟ್ಟಿದ ಶುಲ್ಕವನ್ನು ಹಿಂದಿರುಗಿಸಲಾಗುವುದಿಲ್ಲ’ ಎಂದಿರುತ್ತದೆ.

ಅಂತೂ ಜುಲೈ 28ರ ಭಾನುವಾರ ಅಂಕಗಳು ಬಂದವು. ಇಂತಹ ದಿನ ಮನೆಯ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿ ಬಂದು, ‘ಪಾಸೋ, ಫೇಲೋ?’ ಎಂದು ಕೇಳುವುದು ಸಹಜ. ಈ ಪರೀಕ್ಷೆಯಲ್ಲಿ ಪಾಸು-ಫೇಲು ಇರುವುದಿಲ್ಲ, ಆಯಾ ವಿಶ್ವವಿದ್ಯಾಲಯ ತನ್ನ ಪ್ರವೇಶ ಪಟ್ಟಿಯನ್ನು ಇನ್ನು ಮುಂದೆ ಬೇರೆಯಾಗಿ ಪ್ರಕಟಿಸುತ್ತದೆ ಎಂದು ಮೊಮ್ಮಗಳು ವಿವರಿಸಬೇಕು. ಅಜ್ಜಿ ದೀಪಕ್ಕೆ ಇನ್ನೊಂದು ಚಮಚ ತುಪ್ಪ ಹಾಕಬೇಕು.