ಮೊದಲ ಗೆರೆ ಸೆಟ್‌ಬ್ಯಾಕ್‌ನದ್ದೇ ಆಗಿರಲಿ

ಇವತ್ತು ಬೆಳಿಗ್ಗೆ ಮತ್ತೊಂದು 30×40 ಅಡಿ ಸೈಟಿನ ಮನೆಯ ಕಾಗದ ಕೈಗೆ ಬಂತು. ಮತ್ತೆ ಎರಡು ನಕ್ಷೆ. ಒಂದು ಮಂಜೂರಾತಿಗೆ, ಇನ್ನೊಂದು ಮೇಸ್ತ್ರಿಗೆ. ಮೊದಲನೆಯದರಲ್ಲಿ ನಾಲ್ಕೂ ಕಡೆ ಸೆಟ್‌ಬ್ಯಾಕ್, ಅಂದರೆ ಗಡಿಗೂ ಗೋಡೆಗೂ ನಡುವೆ ಖಾಲಿ ಜಾಗ, ಬಿಟ್ಟಿದೆ. ಎರಡನೆಯದರಲ್ಲಿ ಮೂರು ಕಡೆ ಗೋಡೆ ಗಡಿಯ ಮೇಲೇ ಕೂತಿದೆ. ಕೇಳಿದರೆ "ಬೆಂಗಳೂರಲ್ಲಿ ಎಲ್ರೂ ಹೀಗೇ ತಾನೇ ಸಾರ್ ಕಟ್ಟೋದು" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಹೀಗೆ ಕಟ್ಟಿಸಿದವರಿಗೆ ಎಷ್ಟು ನಷ್ಟ ಅಂತ ಯಾರೂ ಲೆಕ್ಕ ಹಾಕಿ ತೋರಿಸುವುದಿಲ್ಲ.

ಲೆಕ್ಕ ಹಾಕೋಣ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರ ಪ್ರಕಾರ 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ ಎಫ್‌ಎಆರ್ (ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ) 1.75. ನೆಲದ ಮೇಲೆ 75% ಜಾಗ ಮುಚ್ಚಬಹುದು. 1200 ಚದರಡಿಗೆ 1.75 ಅಂದರೆ 2100, ನೂರು ಚದರಡಿಗೆ ಒಂದು ಚದರ ಅನ್ನುವ ನಮ್ಮ ಭಾಷೆಯಲ್ಲಿ 21 ಚದರ. ಸೆಟ್‌ಬ್ಯಾಕ್ ಎಷ್ಟು ಅನ್ನುವುದು ನಿಮ್ಮ ಸೈಟಿನ ಅಳತೆ ನೋಡಿ ತೀರ್ಮಾನವಾಗುತ್ತದೆ. ಸದ್ಯಕ್ಕೆ ನಾಲ್ಕೂ ಕಡೆ ಒಂದೊಂದು ಮೀಟರ್ ಬಿಟ್ಟಿರಿ ಅಂದುಕೊಳ್ಳಿ. ಒಳಗೆ ಉಳಿಯುವುದು ಸುಮಾರು 23.5×33.5 ಅಡಿ, ಅಂದರೆ ಒಂದು ಮಹಡಿಗೆ ಸುಮಾರು 785 ಚದರಡಿ. ಮೂರು ಮಹಡಿ ಏರಿಸಿದರೆ 2355. ಗಮನಿಸಿ, ಜಾಗ ಬಿಟ್ಟು ಕಟ್ಟಿದರೂ ಮೂರನೇ ಮಹಡಿ ಮುಗಿಯುವ ಮೊದಲೇ ನಿಮ್ಮ 21 ಚದರ ತೀರಿಹೋಗುತ್ತದೆ! ಉಳಿದ ಎರಡೂವರೆ ಚದರ ತೆರೆದ ತಾರಸಿಯಾಗುತ್ತದೆ. ಕೆಳಗೆ ಕಂಬಗಳ ನಡುವೆ ಕಾರು ನಿಲ್ಲುವ ಸ್ಟಿಲ್ಟ್ ಮಹಡಿ ಎಫ್‌ಎಆರ್ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಿರುವಾಗ ಆ ಮೂರು ಅಡಿ ಗಲ್ಲಿಯನ್ನು ನುಂಗಿ ಕಾನೂನುಬದ್ಧವಾಗಿ ಗಳಿಸುವುದಾದರೂ ಏನು?

ಕಳೆದುಕೊಳ್ಳುವುದನ್ನು ನೋಡಿ. ಮೊದಲು ಪಾಯ. ಮೂರು ಮಹಡಿ ಭಾರ ಹೊರುವ ಕಾಲಂಗೆ ಮಣ್ಣು ಚೆನ್ನಾಗಿದ್ದರೂ ನಾಲ್ಕೈದು ಅಡಿ ಚೌಕದ ಫುಟಿಂಗ್ (ಕಾಲಂ ಕೆಳಗಿನ ಕಾಂಕ್ರೀಟ್ ಪಾದ) ಬೇಕಾಗುತ್ತದೆ. ಕಾಲಂ ಮಧ್ಯದಿಂದ ಎರಡೂವರೆ ಅಡಿ ಆಚೆಗೆ ಅದು ಚಾಚಬೇಕು. ಒಂದು ಮೀಟರ್ ಬಿಟ್ಟಿದ್ದರೆ ಅದು ಆರಾಮವಾಗಿ ನಿಮ್ಮ ಜಾಗದಲ್ಲೇ ಕೂರುತ್ತದೆ. ಗಡಿಗೆ ಕಾಲಂ ತಂದಿಟ್ಟರೆ ಫುಟಿಂಗ್ ಪಕ್ಕದವರ ನೆಲಕ್ಕೆ ಹೋಗುವಂತಿಲ್ಲ, ಒಂದೇ ಬದಿಗೆ ಇಡಬೇಕು. ಆಗ ಭಾರ ಒಂದು ಅಂಚಿಗೆ ಬಿದ್ದು ಫುಟಿಂಗ್ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಎರಡೂ ಫುಟಿಂಗ್ ಜೋಡಿಸುವ ತೊಲೆಯನ್ನು, ಅಂದರೆ ಸ್ಟ್ರ್ಯಾಪ್ ಬೀಮನ್ನು, ಒಳಗಿನ ಕಾಲಂಗೆ ಕಟ್ಟಬೇಕು. ಕಳ್ಳ ನಕ್ಷೆಗೆ ಸ್ಟ್ರಕ್ಚರಲ್ ಡಿಸೈನ್ ಯಾರು ಮಾಡಿಸುತ್ತಾರೆ? ಸ್ಟ್ರ್ಯಾಪ್ ಬೀಮ್ ಬಿಟ್ಟೇ ಹೋಗುತ್ತದೆ. ಮುಂದೆ ಪಕ್ಕದ ಸೈಟಿನವರು ಪಾಯ ತೋಡಿದ ದಿನ ನಿಮ್ಮ ಗೋಡೆಯಲ್ಲಿ ಓರೆ ಬಿರುಕು ಶುರು.

ಆಮೇಲೆ ಗೋಡೆ. ಪಕ್ಕದವರೂ ಗಡಿಗೇ ಕಟ್ಟಿದರೆ ಎರಡು ಗೋಡೆ ನಡುವೆ ಎರಡಿಂಚು ಸಂದು. ಅಲ್ಲಿ ಸಾರುವೆ ಕಟ್ಟುವ ಹಾಗಿಲ್ಲ, ಹೊರಗಿನ ಪ್ಲಾಸ್ಟರ್ ಮಾಡುವ ಹಾಗಿಲ್ಲ. ಮಳೆನೀರು ಅದರೊಳಗೆ ಇಳಿದು, ಪ್ಲಾಸ್ಟರ್ ಇಲ್ಲದ ಬ್ಲಾಕ್ ಅದನ್ನು ಹೀರಿಕೊಳ್ಳುತ್ತದೆ. ಎಷ್ಟು ಬಾರಿ ಬಣ್ಣ ಹೊಡೆಸಿದರೂ ಮಲಗುವ ಕೋಣೆಯ ಗೋಡೆ ಬೂಷ್ಟು ಹಿಡಿಯುವುದು ಇದಕ್ಕೇ. ಒಳಗಿನಿಂದ ವಾಟರ್‌ಪ್ರೂಫ್ ಹಚ್ಚುವುದು ಪರಿಹಾರವಲ್ಲ.

ಕಿಟಕಿಯ ಮಾತಂತೂ ಹೇಳಲೇಬೇಕು. 10×12 ಕೋಣೆಗೆ ನೆಲದ ಎಂಟನೇ ಒಂದು ಭಾಗ ಗಾಳಿಗೆ ಅಂದರೂ 15 ಚದರಡಿ, 5×3 ಅಡಿಯ ಕಿಟಕಿ. ಗಡಿಗೋಡೆಯಲ್ಲಿ ಅದನ್ನು ಇಡುವ ಹಾಗಿಲ್ಲ, ಇಟ್ಟರೂ ಪಕ್ಕದ ಗೋಡೆ ಮುಚ್ಚುತ್ತದೆ. ಹಾಗಾಗಿ ನಡುಮನೆಗೆ ಹಗಲೂ ಲೈಟು. ಪ್ಲಾನಿನಲ್ಲಿ ಮೊದಲ ಗೆರೆಯನ್ನು ಸೆಟ್‌ಬ್ಯಾಕ್‌ನಿಂದ ಎಳೆದವನು ಅಡುಗೆಮನೆ, ಬಚ್ಚಲು, ಮೆಟ್ಟಿಲು ಮೂರನ್ನೂ ಒಂದೇ ಪಕ್ಕಕ್ಕೆ ತಂದು ಪೈಪುಗಳನ್ನೆಲ್ಲ ಆ ಗಲ್ಲಿಗೆ ಇಳಿಸುತ್ತಾನೆ. ಹಿಂದಿನ ಬಚ್ಚಲಿಂದ ರಸ್ತೆಯ ಒಳಚರಂಡಿವರೆಗೆ (ಯುಜಿಡಿ) 4 ಇಂಚಿನ ಪೈಪ್ 40 ಅಡಿ ಓಡಬೇಕು. 60ಕ್ಕೆ 1ರ ಇಳಿಜಾರು ಅಂದರೆ 8 ಇಂಚು. ತಿರುವಿಗೊಂದು ಚೇಂಬರ್. ಗಲ್ಲಿ ಇಲ್ಲದಿದ್ದರೆ ಇದೆಲ್ಲ ಹಾಲ್‌ನ ಟೈಲ್ಸ್ ಕೆಳಗೆ ಹೋಗುತ್ತದೆ, ಪೈಪ್ ಕಟ್ಟಿಕೊಂಡ ದಿನ ಹಾಲ್‌ನ ನೆಲವನ್ನೇ ಒಡೆಯಬೇಕು. 1200 ಚದರಡಿ ಸೈಟಿನ ಹೊಸ ಮನೆಗೂ ಮಳೆಕೊಯ್ಲು ಕಡ್ಡಾಯ. ಅದರ ಫಿಲ್ಟರ್, ಇಂಗುಬಾವಿಗಳಿಗೂ ಬೇರೆಲ್ಲಿದೆ ಜಾಗ?

ಮುಂಭಾಗದಲ್ಲಿ ಇನ್ನೂ ಅಪಾಯ. ಕೆಳಗೆ ಜಾಗ ಬಿಟ್ಟು ಮೊದಲ ಮಹಡಿಯನ್ನು ಮೂರು ಅಡಿ ರಸ್ತೆ ಕಡೆಗೆ ಚಾಚುತ್ತಾರೆ. ಸಜ್ಜಾ, ಬಾಲ್ಕನಿ ಸೆಟ್‌ಬ್ಯಾಕ್‌ನ ಮೂರನೇ ಒಂದು ಭಾಗ ದಾಟಬಾರದು ಅನ್ನುವ ನಿಯಮವನ್ನು ಯಾರೂ ಓದುವುದಿಲ್ಲ. ಎದುರಿಗೆ 11 ಕೆವಿ ತಂತಿ ಇದ್ದರೆ ಕಟ್ಟಡಕ್ಕೂ ಅದಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಇರಲೇಬೇಕು, ತಂತಿ ಮೇಲೆ ಹಾದುಹೋಗುವುದಾದರೆ 3.7 ಮೀಟರ್. ಬಟ್ಟೆ ಒಣಗಿಸಲು ಕಬ್ಬಿಣದ ಕಂಬಿ ಎತ್ತಿದ ಕೈ ಆ ಅಂತರವನ್ನು ಎಷ್ಟು ಬೇಗ ಮುಗಿಸುತ್ತದೆ, ಯೋಚಿಸಿ.

"ಅಕ್ರಮ-ಸಕ್ರಮ ಬಂದೇ ಬರುತ್ತೆ ಬಿಡಿ" ಅನ್ನುವವರಿದ್ದಾರೆ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆ ಯೋಜನೆಯಲ್ಲೂ ವಸತಿಗೆ ಉಲ್ಲಂಘನೆಯ ಮಿತಿ 50%, 2013ರ ಅಕ್ಟೋಬರ್ 19ರ ಒಳಗೆ ಕಟ್ಟಿದ್ದಕ್ಕೆ ಮಾತ್ರ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಗಡಿಯಿಂದ ಗಡಿಗೆ ಮೂರು ಮಹಡಿ ಎಬ್ಬಿಸಿದರೆ 36 ಚದರ, ಅಂದರೆ ಅನುಮತಿಗಿಂತ 71% ಜಾಸ್ತಿ. ಬೆಂಗಳೂರಿನ 2003ರ ಕಟ್ಟಡ ಬೈಲಾದಲ್ಲಿ ದಂಡ ಕಟ್ಟಿ ಸರಿಪಡಿಸಿಕೊಳ್ಳಲು ಇದ್ದ ಅವಕಾಶ ಕೇವಲ 5%. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಮುಗಿದ ಮೇಲೆ ವಾಸಕ್ಕೆ ಕೊಡುವ ಪ್ರಮಾಣಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂದಿತು. ಸಣ್ಣ ಸೈಟಿನವರ ಕಷ್ಟ ನೋಡಿ ರಾಜ್ಯ ಸರ್ಕಾರ 2025ರಲ್ಲಿ 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿದೆ, ನಿಜ. ಓಸಿ ಬೇಡ ಅಂದಮಾತ್ರಕ್ಕೆ ಸೆಟ್‌ಬ್ಯಾಕ್ ಬೇಡ ಅಂತಲ್ಲ. ಎರಡನ್ನೂ ಒಂದೇ ಅಂತ ನಂಬಿಸುವವರ ಮಾತು ಕೇಳಬೇಡಿ, ದಯವಿಟ್ಟು.

ಗುದ್ದಲಿ ಪೂಜೆ ಮುಗಿಸಿ ಸುಣ್ಣದ ಮಾರ್ಕಿಂಗ್ ಹಾಕುವ ದಿನ ಸೈಟಿನಲ್ಲಿ ನೀವೇ ಇರಿ. ಮೇಸ್ತ್ರಿ ಗಡಿಯಿಂದ ಒಂದು ಮೀಟರ್ ಅಳೆದು ದಾರ ಕಟ್ಟುವುದು ಕಾಲಂ ಮಧ್ಯಕ್ಕೆ. 9 ಇಂಚು ಗೋಡೆಯ ಅರ್ಧ ನಾಲ್ಕೂವರೆ, ಮೇಲೆ ಮುಕ್ಕಾಲು ಇಂಚು ಪ್ಲಾಸ್ಟರ್. ಹೀಗೆ ಐದೂಕಾಲು ಇಂಚು ಅಲ್ಲೇ ಹೋಯಿತು. ದಾರವನ್ನು ಅಷ್ಟು ಒಳಗೆ ಸರಿಸಿ ಕಟ್ಟಿಸಿ, ನಾಲ್ಕೂ ಮೂಲೆಯಲ್ಲಿ ಮಂಜೂರಾದ ನಕ್ಷೆ ಹಿಡಿದು ಮತ್ತೆ ಟೇಪ್ ಹಿಡಿಸಿ. ಆಮೇಲೆ ಅಗೆಯಲಿ.