ಸಬ್‌ಮರೀನ್‌ಗಳ ತವರುಮನೆ

ಜಪಾನಿನ ಯೊಕೊಹಾಮಾದ ಯಮಶಿತಾ ಪಾರ್ಕಿನ ಪಕ್ಕದ ನೀರಿನಲ್ಲಿ ಹಿಕಾವಾ ಮಾರು ಅನ್ನೋ ಹಳೇ ಪ್ರಯಾಣಿಕರ ಹಡಗು ನಿಂತಿದೆ. 1930ರದ್ದು. ಆಫೀಸ್ ಕೆಲಸಕ್ಕೆ ಹೋಗಿದ್ದಾಗ ಒಂದು ಮಧ್ಯಾಹ್ನ ಹತ್ತಿದ್ದೆ. ಚುಕ್ಕಾಣಿ ಕೋಣೆಯಲ್ಲಿ ಪುಟ್ಟದೊಂದು ದೇವರ ಗೂಡು ಇದೆ. 1932ರಲ್ಲಿ ಚಾರ್ಲಿ ಚಾಪ್ಲಿನ್ ಇದರಲ್ಲೇ ಅಮೆರಿಕಕ್ಕೆ ವಾಪಸ್ ಹೋಗಿದ್ದ ಅಂತ ಗೊತ್ತಾದ ಮೇಲೆ ನಾನೂ ನಾಲ್ಕು ಫೋಟೋ ಜಾಸ್ತಿ ತೆಗೆದೆ, ಸುಳ್ಳೇಕೆ!

ಆದರೆ ಮನಸ್ಸಿನಲ್ಲಿ ಉಳಿದದ್ದು ಇದರ ಒಡಹುಟ್ಟು, ಹೇಯಾನ್ ಮಾರು. ಹಿಕಾವಾ, ಹಿಯೆ, ಹೇಯಾನ್ ಮೂರೂ ಒಂದೇ ಅಚ್ಚು. ಮೂರಕ್ಕೂ ದೇವಸ್ಥಾನಗಳ ಹೆಸರು. ಎನ್‌ವೈಕೆ ಅನ್ನೋ ಜಪಾನಿ ಹಡಗು ಕಂಪನಿಗಾಗಿ ಅಮೆರಿಕದ ಸಿಯಾಟಲ್ ದಾರಿಯಲ್ಲಿ ಓಡುತ್ತಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, ಜಪಾನಿನ ನೌಕಾಪಡೆ ಹಿಕಾವಾಗೆ ಬಿಳಿ ಬಣ್ಣ ಬಳಿದು ಆಸ್ಪತ್ರೆ ಮಾಡಿತು. ಹೇಯಾನ್ ಸಬ್‌ಮರೀನ್ ಟೆಂಡರ್ ಆಯಿತು, ಅಂದರೆ ಸಬ್‌ಮರೀನ್‌ಗಳನ್ನು ನೋಡಿಕೊಳ್ಳುವ ಹಡಗು.

ಜಪಾನೀಯರು ಇದನ್ನು ಕರೆಯೋದೇ ಸಬ್‌ಮರೀನ್‌ಗಳ ತಾಯಿ ಹಡಗು ಅಂತ. ನನಗೇನೋ ತವರುಮನೆ ಅನ್ನೋದೇ ಸರಿ ಅನಿಸುತ್ತದೆ. ವಾರಗಟ್ಟಲೆ ಡೀಸೆಲ್ ವಾಸನೆಯಲ್ಲಿ, ಸ್ನಾನ ಇಲ್ಲದೆ, ಡಬ್ಬಿ ಊಟ ತಿಂದು ಬಂದ ಹುಡುಗರಿಗೆ ಇಲ್ಲಿ ಬಿಸಿನೀರು, ಬಿಸಿ ಅನ್ನ, ಕಾಲು ಚಾಚುವಷ್ಟು ಹಾಸಿಗೆ. ಕೆಟ್ಟದ್ದನ್ನು ರಿಪೇರಿ ಮಾಡೋಕೆ ವರ್ಕ್‌ಶಾಪ್. ಹೊರಡುವಾಗ ಎಣ್ಣೆ, ನೀರು, ದಿನಸಿ, ಟಾರ್ಪೆಡೊ ಎಲ್ಲ ಕೊಟ್ಟು ಮಡಿಲು ತುಂಬಿ ಕಳಿಸೋದು. ಪ್ರಯಾಣಿಕರ ಹಡಗಿನಲ್ಲಿ ದೊಡ್ಡ ಅಡುಗೆಮನೆ, ಕ್ಯಾಬಿನ್, ಉಗ್ರಾಣ, ಸರಕೆತ್ತುವ ಕ್ರೇನ್ ಮೊದಲೇ ಇರುತ್ತವಲ್ಲ, ಅದಕ್ಕೇ ನೌಕಾಪಡೆಯ ಕಣ್ಣು ಇದರ ಮೇಲೆ ಬಿದ್ದದ್ದು.

ಹೇಯಾನನ್ನು ಕೊನೆಗೆ ಅಮೆರಿಕದವರು ಮುಳುಗಿಸಿದರು. 'ಪಾಪ, ಏನೂ ಅರಿಯದ ಪ್ರಯಾಣಿಕರ ಹಡಗು ಮುಳುಗಿಸಿದರು' ಅಂತ ಕೆಲವರು ಕಣ್ಣೀರು ಹಾಕುತ್ತಾರೆ. ನಾನು ಒಪ್ಪಲ್ಲ. ಟಾರ್ಪೆಡೊ ಮಡಿಲಿಗೆ ಹಾಕಿ ಕಳಿಸೋದೂ ಯುದ್ಧವೇ ಅಲ್ವಾ? ಅಮೆರಿಕದವರ ಟೆಂಡರ್‌ಗಳಿಗೂ ಇದೇ ಮಾತು. ನನ್ನ ಸಂಕಟ ಬೇರೆ. ಆ ಯುದ್ಧದಲ್ಲಿ ಜಪಾನಿನ ವ್ಯಾಪಾರಿ ಹಡಗುಗಳ ಸುಮಾರು 60 ಸಾವಿರ ನಾವಿಕರು ಸತ್ತರು. ನೂರಕ್ಕೆ ಇಷ್ಟು ಅಂತ ಲೆಕ್ಕ ಹಾಕಿದರೆ ಸೇನೆಗಿಂತ, ನೌಕಾಪಡೆಗಿಂತ ಇವರ ಸಾವೇ ಜಾಸ್ತಿ. ಯುದ್ಧದ ಕಥೆ ಹೇಳುವಾಗ ನಾವು ಯಮಾಟೊ, ಮುಸಾಶಿ ಅಂತ ಜಪಾನಿನ ದೈತ್ಯ ಯುದ್ಧನೌಕೆಗಳ ತೋಪಿನ ಅಳತೆ ಹೇಳುತ್ತಾ ಕೂರುತ್ತೇವೆ. ನಾನೂ ಹಾಗೇ ಇದ್ದವನು.

ಹಿಯೆ 1943ರ ನವೆಂಬರ್‌ನಲ್ಲಿ ಮುಳುಗಿತು. ಮುಳುಗಿಸಿದ್ದು ಅಮೆರಿಕದ ಸಬ್‌ಮರೀನೇ. ಹಿಕಾವಾ ಮೂರು ಸಲ ಮೈನ್‌ಗೆ ಸಿಕ್ಕರೂ ಬದುಕಿತು. ಹೇಯಾನ್ 1944ರ ಫೆಬ್ರವರಿ 18ರಂದು ಪೆಸಿಫಿಕ್ ಸಾಗರದ ಟ್ರಕ್ ಅನ್ನೋ ದ್ವೀಪಗಳ ಲಗೂನಿನಲ್ಲಿ ವಿಮಾನ ದಾಳಿಗೆ ಸಿಕ್ಕಿ ಮುಳುಗಿತು. ಈಗಲೂ ಅಲ್ಲೇ ಎಡಮಗ್ಗುಲಾಗಿ ಮಲಗಿದೆ. ಡೈವರ್‌ಗಳು ತೆಗೆದ ಫೋಟೋಗಳಲ್ಲಿ ಹೆಸರಿನ ಅಕ್ಷರಗಳು ಓದಲು ಬರುತ್ತವೆ. ಪ್ರಯಾಣಿಕರು ಅಡ್ಡಾಡುತ್ತಿದ್ದ ಪಡಸಾಲೆಯಲ್ಲಿ ಉದ್ದನೆಯ ಪೆರಿಸ್ಕೋಪ್‌ಗಳು ಬಿದ್ದಿವೆ. ಯಾವುದೋ ಸಬ್‌ಮರೀನ್‌ಗೆ ಅಂತ ತೆಗೆದಿಟ್ಟದ್ದು. ಬಂದು ಒಯ್ಯುವವರು ಬರಲೇ ಇಲ್ಲ.