ಗುಮ್ಮಟದ ಮೇಲಿನ ನೌಕೆ ಮಸುಕಾಗಿರಬೇಕೇ?

ವಿಜಯಪುರದ ಇಬ್ಬರು ಗೆಳೆಯರು ಸೇರಿ ಕಂಪ್ಯೂಟರಿನಲ್ಲಿ ಒಂದು ಚಿತ್ರ ಮಾಡುತ್ತಿದ್ದಾರೆ. ಉಪ್ಪಲಿ ಬುರುಜಿನ ಮೇಲೆ ಹೆಲ್ಮೆಟ್ ಹಿಡಿದು ನಿಂತ ಒಬ್ಬಳು ಹುಡುಗಿ. ದೂರದಲ್ಲಿ ಗೋಳಗುಮ್ಮಟ, ಅದರ ಮೇಲೆ 300 ಮೀಟರ್ ಉದ್ದದ ಆಕಾಶನೌಕೆ. ಹುಡುಗಿಯನ್ನು ಚೂಪಾಗಿ ತೋರಿಸಿ ಹಿಂದಿನದನ್ನೆಲ್ಲ ಬ್ಲರ್ ಮಾಡಬೇಕೋ ಬೇಡವೋ ಎಂಬಲ್ಲಿಗೆ ಕೆಲಸ ನಿಂತಿದೆ.

ಪರ: ಮದುವೆ ಫೋಟೊ ತೆಗೆಯುವವನ ಮಾತು

ಅಕ್ಕಿಕಾಳು ಬೀಳುವ ಹೊತ್ತಿಗೆ ಮಂಟಪದಲ್ಲಿ ಏನೇನಿರುತ್ತದೆ ಗೊತ್ತಲ್ವಾ? ಪ್ಲಾಸ್ಟಿಕ್ ಕುರ್ಚಿ, ಫ್ಯಾನು, ಮೊಬೈಲ್ ಎತ್ತಿ ಹಿಡಿದ ಇಪ್ಪತ್ತು ಕೈ. ನಾನು ಅಪರ್ಚರ್, ಅಂದರೆ ಲೆನ್ಸಿನ ಬಾಯಿ, 1.8ಕ್ಕೆ ತೆರೆಯುತ್ತೇನೆ. ಈ ಅಂಕಿ ಸಣ್ಣದಾದಷ್ಟೂ ಬಾಯಿ ಅಗಲ, ಹಿಂದಿನದು ಹೆಚ್ಚು ಮಸುಕು. ಅದೆಲ್ಲ ಕರಗಿ ಹೋಗುತ್ತದೆ. ಮದುಮಗಳ ಕಣ್ಣು, ಬಾಸಿಂಗ, ಕೆನ್ನೆಗೆ ಅಂಟಿದ ಒಂದು ಅಕ್ಕಿಕಾಳು, ಇಷ್ಟೇ ಉಳಿಯುತ್ತವೆ. ಆ ಫೋಟೊ ನೋಡಿದವರ ಕಣ್ಣು ತುಂಬುತ್ತದೆ.

ಕಂಪ್ಯೂಟರಿನ ಕ್ಯಾಮೆರಾಗೆ ಲೆನ್ಸೇ ಇಲ್ಲ. ನಾವು ಹೇಳದಿದ್ದರೆ ಅದು ಒಂದು ಚುಕ್ಕೆಯಿಂದ ಲೋಕ ನೋಡುತ್ತದೆ. ಹಾಗಾಗಿ ಹತ್ತು ಅಡಿ ದೂರದ್ದೂ ಹತ್ತು ಕಿಲೋಮೀಟರ್ ದೂರದ್ದೂ ಒಂದೇ ಚೂಪು. ಅಂಥ ಚಿತ್ರದಲ್ಲಿ ಯಾರೋ ಅಲ್ಲಿ ನಿಂತು ನೋಡಿದ್ದಾರೆ ಅನ್ನಿಸುವುದೇ ಇಲ್ಲ. ಹೆಬ್ಬೆರಳನ್ನು ಕಣ್ಣಿಂದ ಒಂದು ಗೇಣು ದೂರ ಹಿಡಿದು ಉಗುರನ್ನೇ ನೋಡಿ. ಹಿಂದಿನ ಗುಮ್ಮಟ ಮಂಜಾಗುತ್ತದೆ. ನಮ್ಮ ಕಣ್ಣೂ ಲೆನ್ಸೇ.

ಇದಕ್ಕೆ ಖರ್ಚಿದೆ, ಒಪ್ಪುತ್ತೇನೆ. ಲೆನ್ಸಿನ ಬೇರೆ ಬೇರೆ ಬಿಂದುಗಳಿಂದ ಕಿರಣ ಬಿಟ್ಟು ನೋಡಬೇಕು. ಮಸುಕಾದ ಕಡೆ ಕಾಳುಕಾಳಾಗಿ ಚುಕ್ಕೆ ಏಳುತ್ತವೆ, ರೆಂಡರ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಮೂಡಿಸುವ ಕೆಲಸ, ತಡವಾಗುತ್ತದೆ. ಆಗಲಿ. ಇದು ಹುಡುಗಿಯ ಕಥೆ. ನೌಕೆಯ ಒಂದೊಂದು ಮೊಳೆಯೂ ಕಂಡರೆ ಅವಳ ಮುಖ ಯಾರು ನೋಡುತ್ತಾರೆ?

ವಿರೋಧ: ನೌಕೆ ಮಾಡಿದವನ ಮಾತು

ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ನಮ್ಮ ನೌಕೆ ಹೆಚ್ಚುಕಡಿಮೆ ಏಳು ಗುಮ್ಮಟ ಸಾಲಾಗಿ ಇಟ್ಟಷ್ಟು ಉದ್ದ. ಅದು ದೊಡ್ಡದು ಅನ್ನಿಸಲೇಬೇಕು. ಬ್ಲರ್ ಕೊಲ್ಲುವುದು ಅದನ್ನೇ.

ನಾನು ಸುಟ್ಟುಕೊಂಡೇ ಕಲಿತದ್ದು ಇದು. ನಾವು ಚಿತ್ರ ಮಾಡುವ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್. ಮೊದಲ ಸಲ ಅದನ್ನು ಗಮನಿಸದೆ ನೌಕೆಯನ್ನು ಸುಮ್ನೆ 3 ಯೂನಿಟ್ ಉದ್ದಕ್ಕೆ ಮಾಡಿದ್ದೆ. ಕ್ಯಾಮೆರಾವನ್ನು ಮೂತಿಯಿಂದ ಮೂರೇ ಮೀಟರ್ ದೂರ ಇಟ್ಟೆ. ಅಪರ್ಚರ್ ಬ್ಲೆಂಡರ್ ತಾನಾಗಿ ಕೊಟ್ಟಿದ್ದ 2.8. ಇಡೀ ರಾತ್ರಿ ರೆಂಡರ್ ಆಯಿತು. ಮೂತಿ ಚೂಪು, ಬಾಲ ಮಸುಕು, ನನಗಂತೂ ಬಹಳ ಚೆಂದ ಕಂಡಿತ್ತು. ಬೆಳಿಗ್ಗೆ ಅಣ್ಣನ ಮಗ ಬಂದು ನೋಡಿ, "ಕಾಕಾ, ಈ ಆಟಗಿ ಸಾಮಾನ ಎಲ್ಲಿ ಸಿಗ್ತದ?" ಅಂದ.

ಅವನ ಕಣ್ಣು ಸರಿಯಾಗಿಯೇ ಹೇಳಿತ್ತು. ಅಷ್ಟು ಮಸುಕು ಬರುವುದು ಹತ್ತಿರದ, ಸಣ್ಣ ವಸ್ತುವಿಗೆ ಮಾತ್ರ. ಲೆಕ್ಕ ನೋಡಿ. 50 ಎಂಎಂ ಲೆನ್ಸ್, ಅಪರ್ಚರ್ 2.8. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 30 ಮೀಟರಿಗೆ ಫೋಕಸ್ ಇಟ್ಟರೆ 15 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಚೂಪಾಗಿ ಬರುತ್ತದೆ. ಹಾಗಿರುವಾಗ ಒಂದು ಕಿಲೋಮೀಟರ್ ಆಚೆಯ ನೌಕೆಯ ಮೂತಿ ಚೂಪು, ಬಾಲ ಮಸುಕು ಆಗುವುದು ಹೇಗೆ? ಬುರುಜಿನಿಂದ ಊರಿನ ಫೋಟೊ ತೆಗೆದು ಮೇಲೆ ಕೆಳಗೆ ಬ್ಲರ್ ಹಚ್ಚಿ ನೋಡಿ. ಬಸ್ಸುಗಳೆಲ್ಲ ಆಟಿಕೆ ಆಗುತ್ತವೆ.

ಇನ್ನು ನಿಜವಾದ ಬಾಹ್ಯಾಕಾಶ. 1969ರಲ್ಲಿ ಚಂದ್ರನ ಮೇಲೆ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದಿಂದ ತೆಗೆದ ಫೋಟೊಗಳಲ್ಲಿ ಕಾಲಡಿಯ ಮಣ್ಣಿನಿಂದ ದಿಗಂತದವರೆಗೆ ಬಹುಪಾಲು ಚೂಪಾಗಿಯೇ ಕಾಣುತ್ತದೆ. ಅಲ್ಲಿ ಗಾಳಿಯಿಲ್ಲ, ಮಬ್ಬಿಲ್ಲ. ಅದರಿಂದ ದೂರವೇ ತಿಳಿಯದು. 1971ರಲ್ಲಿ ಅಪೋಲೊ 14ರ ಗಗನಯಾತ್ರಿಗಳಾದ ಶೆಪರ್ಡ್ ಮತ್ತು ಮಿಚೆಲ್ ಚಂದ್ರನ ಮೇಲಿನ ಕೋನ್ ಎಂಬ ಕುಳಿಯ ಅಂಚು ಹುಡುಕುತ್ತ ಏರು ಹತ್ತಿದರು. ತೀರ ಹತ್ತಿರ ಹೋಗಿದ್ದರೂ ಅಂಚು ಕಾಣದೆ ವಾಪಸ್ ಬಂದರು. ಆ ಸುದ್ದಿ ಓದಿದಾಗೆಲ್ಲ ಎದೆ ಚುರ್ ಅನ್ನುತ್ತದೆ. ಅಲ್ಲಿಯ ನಿಜ ಅಂದರೆ ಇದು, ಎಲ್ಲ ಚೂಪು, ಯಾವುದೂ ಎಷ್ಟು ದೂರ ಅಂತ ಗೊತ್ತಾಗದು.

ನಮ್ಮೂರಲ್ಲಿ ಗಾಳಿಯಿದೆ, ಧೂಳಿದೆ. ಏಪ್ರಿಲ್ ಮಧ್ಯಾಹ್ನ ಬುರುಜಿನ ಮೇಲಿಂದ ನೋಡಿದರೆ ಗುಮ್ಮಟದ ಅಂಚು ಕೊರೆದಂತೆ ಇರುತ್ತದೆ, ಬಣ್ಣ ಮಾತ್ರ ಮಾಸಿರುತ್ತದೆ. ದೂರ ಹೇಳುವುದು ಆ ಮಾಸಿದ ಬಣ್ಣ. ನನಗೆ ಬೇಕಾದದ್ದು ಅದು.

ಗೆಳೆಯನ ಮದುಮಗಳ ಫೋಟೊದ ಹಾಗೆ ಹುಡುಗಿಯ ಮುಖದ ಕ್ಲೋಸಪ್ ಬೇಕಿದ್ದರೆ ಅದು ಬೇರೆ ಚಿತ್ರ. ಅಲ್ಲಿ ಬ್ಲರ್ ಇರಲಿ, ನಾನೇ ಹಚ್ಚುತ್ತೇನೆ. ಇಲ್ಲಿ ಹುಡುಗಿ 6 ಮೀಟರ್ ದೂರ ನಿಂತಿದ್ದಾಳೆ. ಅದೇ ಲೆನ್ಸಿಗೆ ಅಪರ್ಚರ್ 8, ಫೋಕಸ್ 11 ಮೀಟರ್ ಇಟ್ಟರೆ ಅವಳೂ ಚೂಪು, ನೌಕೆಯೂ ಚೂಪು. ಅವಳ ಮುಖಕ್ಕೆ ಬಿಸಿಲು ಬೀಳಲಿ, ಹಿಂದಿನದು ಧೂಳಿನಲ್ಲಿ ಬಿಳಿಚಿಕೊಳ್ಳಲಿ, ಕಣ್ಣು ತಾನಾಗಿ ಅವಳ ಕಡೆ ಹೋಗುತ್ತದೆ. ನೌಕೆಯ ಕಿಟಕಿಗಳನ್ನು ಗುಮ್ಮಟದ ಮೂಲೆಯ ಏಳಂತಸ್ತಿನ ಮಿನಾರುಗಳ ಕಮಾನಿಗಿಂತ ಸಣ್ಣದು ಮಾಡಿದ್ದೇನೆ. ಈ ಸಲ 300 ಯೂನಿಟ್ ಉದ್ದಕ್ಕೇ ಕಟ್ಟಿದ್ದೇನೆ. ಇವತ್ತು ರಾತ್ರಿ ರೆಂಡರ್‌ಗೆ ಹಾಕುತ್ತೇನೆ.